ಮಹಾಗಾಂವ ಕ್ರಾಸಿನಲ್ಲಿ ಕಲೆ, ವಿಜ್ಞಾನ ಮತ್ತು ಒಂದು ಆಕಳು

“ಅಕ್ಕಾರ, ನಿಮ್ಮ ಪುಣ್ಯಕೋಟಿ ದಿನಕ್ಕ ಎಷ್ಟು ಲೀಟರ್ ಕೊಡ್ತಿತ್ತು?” ಎಂದು ಮಹಾಗಾಂವ ಕ್ರಾಸಿನಲ್ಲಿ ವಿಜ್ಞಾನ ಕಲೆಯನ್ನು ಕೆಣಕಿತು. “ನಿಮ್ಮ ಎಚ್‌ಎಫ್ ಮೇ ತಿಂಗಳದಾಗ ಎಷ್ಟು ಕೊಡ್ತದ, ಅದನ್ನ ಮೊದಲು ಹೇಳ್ರಿ” ಎಂದಳು ಕಲೆ. ಪ್ರಶ್ನೆ ಕಲೆಯದಾದರೂ ಉತ್ತರ ವಿಜ್ಞಾನದ ಪುಸ್ತಕದಲ್ಲೇ ಇದೆ. ಎಚ್‌ಎಫ್ ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್, ತಂಪು ನಾಡಿನ ತಳಿ; ಕಲಬುರಗಿಯ 40 ಡಿಗ್ರಿ ದಾಟಿದ ಬಿಸಿಲಲ್ಲಿ ಬಾಯಿ ತೆರೆದು ತೇಕುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಸರಿಯಾಗಿ ಬೆದೆಗೂ ಬರುವುದಿಲ್ಲ. ಫ್ಯಾನು ಹಾಕಬಹುದು, ಕರೆಂಟು ಇದ್ದರೆ. ಪಕ್ಕದ ಬೀದರ್ ಸೀಮೆಯ ದೇವಣಿ ತಳಿ ಅದೇ ಬಿಸಿಲಿಗೆ ತೊಗರಿ ಹೊಟ್ಟು ತಿಂದು ನಿಲ್ಲುತ್ತದೆ, ಅದರ ಎತ್ತು ಗಳೆಯನ್ನೂ ಎಳೆಯುತ್ತದೆ.

“ಹಾಲು ಕಮ್ಮಿ ಅಲ್ಲೇನ್ರಿ? ಸಾಲದ ಕಂತು ಹೆಂಗ ಕಟ್ಟೋದು?” ಎಂದಿತು ವಿಜ್ಞಾನ. ಆಕ್ಷೇಪ ನ್ಯಾಯವಾದದ್ದೇ, ಪದ್ಯ ಹಾಡಿದರೆ ಬ್ಯಾಂಕು ಬಿಡುವುದಿಲ್ಲ. ಆದರೆ ಕ್ಯಾನಿಗೆ ಬಿದ್ದ ಲೀಟರೆಲ್ಲ ಲಾಭವಲ್ಲ. ಹಿಂಡಿ, ಔಷಧ, ಕರೆಂಟು ಬಿಲ್ಲು ಕಳೆದು ಉಳಿದದ್ದು ಲಾಭ. ಡೇರಿ ಕೂಡ ಬರೀ ಲೀಟರು ನೋಡದೆ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ಅಳೆದೇ ರೊಕ್ಕ ಕೊಡುತ್ತದೆ. “ಹಂಗಾರ ದೇವಣಿ ಹೋರಿದೇ ಇಂಜೆಕ್ಷನ್ ಕೊಡಸ್ತೀನಿ” ಎಂದು ವಿಜ್ಞಾನ ಒಪ್ಪಿತು. “ಕರ ಹುಟ್ಟಿದರ ಹೆಸರು ನಾ ಇಡ್ತೀನಿ” ಎಂದಳು ಕಲೆ. “ಹೆಸರ್ಯಾಕ? ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಇರ್ತದಲ್ಲ!” “ಹಂಗಾರ ಆ 12 ಅಂಕಿ ಕೂಗಿ ಕರೀರಿ, ಬರ್ತದೇನು ನೋಡೂಣು.”