ವರ್ಗಮೂಲ ಮೀಮಾಂಸೆ: ಅಮರಾಪುರದ ಒಂದು ಟಿಸಿಯ ನೆಪದಲ್ಲಿ

ಗಣಿತದಲ್ಲಿ ವರ್ಗವೆಂದರೆ ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು. ಕಚೇರಿಯಲ್ಲಿ ವರ್ಗವೆಂದರೆ ಮನುಷ್ಯನನ್ನು ಎತ್ತಿ ಇನ್ನೊಂದೂರಿಗೆ ಹಾಕುವುದು. ಅರ್ಜಿಯಲ್ಲಿ ವರ್ಗವೆಂದರೆ ಜಾತಿ. ಕಾಲೇಜು ಬದಲಿಸಿ, ಬಿ.ಎಡ್. ಮುಗಿಸಿ, ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಲು ಹೊರಟ ಆಂಧ್ರದ ಗಡಿಯೂರು ಅಮರಾಪುರದ ಹುಡುಗನಿಗೆ ಈ ಮೂರೂ ಒಂದೇ ಕೌಂಟರಿನಲ್ಲಿ ಎದುರಾಗುತ್ತವೆ. ಪ್ರಸ್ತುತ ಸಂಶೋಧನೆ ನಡೆದದ್ದು ಆ ಕೌಂಟರಿನ ಮುಂದಿನ ಸಾಲಿನಲ್ಲಿ.

ಮೊದಲು ಕ್ಷೇತ್ರ ಪರಿಚಯ. ಲೆಕ್ಕ ಈ ನೆಲಕ್ಕೆ ಹೊಸದಲ್ಲ. ಇದೇ ಮಂಡಲದ ಹೇಮಾವತಿ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಅವರ ನಾಡಿನ ಹೆಸರೇ ನೊಳಂಬವಾಡಿ 32000. ಈ ಅಂಕಿ ಹಳ್ಳಿಗಳದೋ ಹುಟ್ಟುವಳಿಯದೋ ಎಂದು ಪಂಡಿತರು ಇನ್ನೂ ಕಾದಾಡುತ್ತಿದ್ದಾರೆ. ಅರಸರೇ ಏಕಮಾನ ಬರೆಯದೆ ಬಿಟ್ಟ ನೆಲದಲ್ಲಿ, ಏಕಮಾನ ಬರೆಯಲಿಲ್ಲವೆಂದು ಮಕ್ಕಳ ಅರ್ಧ ಅಂಕ ಕಳೆಯುವುದು ಯಾವ ನ್ಯಾಯ?

ಪೂರ್ವಪಕ್ಷ, ಟೀ ಅಂಗಡಿ ಶಾಖೆಯದು: “ಶಿರಾ ಹತ್ತಿರ, ಅನಂತಪುರ ದೂರ. ಮಾತೂ ಕನ್ನಡ, ಪಾಠವೂ ಕನ್ನಡ. ಆ ಕಡೆ ಹೋಗಿ ಡಿಗ್ರಿ ಓದ್ಕಂಡು ಬಾರಪ್ಪ.” ಭೂಗೋಳದ ಪ್ರಕಾರ ಸರಿ. ಆದರೆ ಆಂಧ್ರದ ಕಾಲೇಜು ಪ್ರವೇಶಕ್ಕೆ 1974ರ ರಾಷ್ಟ್ರಪತಿ ಆದೇಶವಿದೆ: ಶೇ. 85 ಸೀಟು ಸ್ಥಳೀಯರಿಗೆ. ಸ್ಥಳೀಯನಾಗಲು ಅರ್ಹತಾ ಪರೀಕ್ಷೆಯವರೆಗೆ ಸತತ 4 ವರ್ಷ ಆ ಪ್ರದೇಶದಲ್ಲೇ ಓದಿರಬೇಕು. ಗಡಿಯಾಚೆ, ಕರ್ನಾಟಕದಲ್ಲಿ ಓದಿದ ಡಿಗ್ರಿ ಈ ಸತತವನ್ನು ಕತ್ತರಿಸುತ್ತದೆ. ಹೀಗಾಗಿ ಬಿ.ಎಡ್. ಸೀಟು ಕೇಳಿದಾಗ ಹುಡುಗ ತನ್ನ ಊರಿಗೇ ಹೊರಗಿನವ. ನೌಕರಿಗೆ 1975ರ ಆದೇಶವೇ ಬೇರೆ. ಅದು ಮುಖ್ಯವಾಗಿ ನೋಡುವುದು ಹತ್ತನೇ ತರಗತಿಯವರೆಗಿನ ಓದನ್ನು. ಅಲ್ಲಿ ಅದೇ ಹುಡುಗ ಅಪ್ಪಟ ಸ್ಥಳೀಯ. ಪಾಠ ಮಾಡುವುದನ್ನು ಕಲಿಯಲು ಹೊರಗಿನವ, ಪಾಠ ಮಾಡಲು ಒಳಗಿನವ! ವರ್ಗಮೂಲಕ್ಕೆ ಎರಡು ಬೆಲೆ, ಒಂದು ಧನ ಒಂದು ಋಣ ಎಂದಾಗ ಹೈಸ್ಕೂಲಿನಲ್ಲಿ ನಂಬದಿದ್ದವರು ಈಗ ನಂಬಬಹುದು.

ಈ ಹುಡುಗ ಮೇಷ್ಟ್ರಾದ ಮೇಲೆ ಕಲಿಸಬೇಕಾದ ಪರಿಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಲ.ಸಾ.ಅ., ಮ.ಸಾ.ಅ. ಎರಡರ ಬಾಲವೂ ‘ಅ’. ಅಪವರ್ತ್ಯವೋ ಅಪವರ್ತನವೋ ಎಂಬ ಗೊಂದಲದಲ್ಲೇ ನನ್ನ ಶಾಲಾಜೀವನ ಸವೆಯಿತು. ತೆಲುಗಿನಲ್ಲಿ ಕ.ಸಾ.ಗು., ಗ.ಸಾ.ಭಾ. ಎಂದು ಬಾಲ ಬೇರೆ ಬೇರೆ. ಇದೊಂದರಲ್ಲಿ ತೆಲುಗೇ ಮೇಲು, ಅಭಿಮಾನಿಗಳು ಕ್ಷಮಿಸಬೇಕು.

ಇನ್ನು ದಾಖಲೆಗಳ ಬೀಜಗಣಿತ. ಹಳೇ ಕಾಲೇಜಿನ ಟಿಸಿ ಬೇಕಾದರೆ ಹೊಸ ಕಾಲೇಜಿನ ಸೀಟು ತೋರಿಸಬೇಕು. ಸೀಟು ಬೇಕಾದರೆ ಟಿಸಿ ತೋರಿಸಬೇಕು. ಇವು ಸಮಾಂತರ ರೇಖೆಗಳು. ಯೂಕ್ಲಿಡ್ ಪ್ರಕಾರ ಎಂದಿಗೂ ಸಂಧಿಸವು. ಜವಾನರ ಪ್ರಕಾರ ಊಟದ ನಂತರ ಸಂಧಿಸಬಹುದು. ಆಮೇಲೆ ಮೈಗ್ರೇಷನ್, ಸ್ಟಡಿ ಸರ್ಟಿಫಿಕೇಟು, ಮತ್ತೆ ನಡತೆ ಪತ್ರ. ಇಷ್ಟು ಸಾಲಿನಲ್ಲಿ ನಿಂತೂ ಯಾರನ್ನೂ ಹೊಡೆಯದವನ ನಡತೆಗೆ ಪತ್ರ ಯಾಕೋ!

2022ರ ಏಪ್ರಿಲ್ 4ರಂದು ಅಮರಾಪುರವೇ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ವರ್ಗವಾಯಿತು. ಊರಿನ ಟಿಸಿಯನ್ನು ಯಾರೂ ಕೇಳಲಿಲ್ಲ.

ಶಿರಾ ಬಸ್ಸು ಹತ್ತುವ ಮಕ್ಕಳಲ್ಲಿ ವಿನಂತಿ: ಒರಿಜಿನಲ್ ಕೈಬಿಡುವ ಮೊದಲು ಜೆರಾಕ್ಸ್ ತೆಗೆಸಿಕೊಳ್ಳಿ. ಸತತ ನಾಲ್ಕು.