ಲಿಂಬಿಹಣ್ಣಿನ ಮ್ಯಾಲಿನ ಅಮೆರಿಕಾ

ವಿಮಾನ ಹತ್ತದವನಿಗೇ ವಿಮಾನದ ದಾರಿ ಹೇಳುವ ಹುರುಪು ಜಾಸ್ತಿ. ಕಾಕಾನ ಮಗಳು ಸ್ಯಾನ್ ಫ್ರಾನ್ಸಿಸ್ಕೋ ಕಡೆ ನೌಕರಿ ಹಿಡಿದಾಗಿನಿಂದ ಇಂಡಿ ಊರಿನ ನಮ್ಮ ಓಣಿಯಲ್ಲಿ ಆ ಖಾತೆ ನನ್ನದೇ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಎದ್ದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು, ಎಲ್ಲೂ ಇಳಿಯದೆ, 11ರ ನಸುಕಿಗೆ ಬೆಂಗಳೂರು ಮುಟ್ಟಿತಲ್ಲ, ನಡೆಸಿದವರೆಲ್ಲ ಹೆಣ್ಣುಮಕ್ಕಳು! ಸುಮಾರು 14,000 ಕಿಲೋಮೀಟರ್, 17 ತಾಸಿನ ಮೇಲೆ. ನಾನು ಹೇಳುವ ಧಾಟಿ ನೋಡಿದರೆ ಅಂದು ಕಿಟಕಿ ಸೀಟಿನಲ್ಲಿ ನಾನೇ ಇದ್ದೆ.

ಕಾಕಾ ಒಪ್ಪಲಿಲ್ಲ. “ಅಮೆರಿಕಾ ಇರೂದು ಪಶ್ಚಿಮಕ್ಕ. ಇವ್ರು ಉತ್ತರಕ್ಕ ಯಾಕ ಹೊಕ್ಕಾರ? ದಾರಿ ತಪ್ಪ್ಯಾರೇನು?”

ಗ್ಲೋಬ್ ಎಲ್ಲಿಂದ ತರಲಿ? ಲಿಂಬಿಹಣ್ಣಿಗೆ ಮಾತ್ರ ಇಂಡಿಯಲ್ಲಿ ಬರವಿಲ್ಲ. ಲಿಂಬೆ ಅಭಿವೃದ್ಧಿ ಮಂಡಳಿಯೇ ಇಲ್ಲಿದೆ. ಮೊದಲನೆಯದು ತೀರ ಮಾಗಿತ್ತು. ಬೆಂಗಳೂರು ಚುಚ್ಚಿದರೆ ಶ್ರೀಲಂಕಾದಿಂದ ರಸ ಸೋರಿತು. ಎರಡನೆಯದು ಗಟ್ಟಿ. ಒಂದು ಟಾಚಣಿ ಬೆಂಗಳೂರಿಗೆ, ಹಿಂಬದಿಗೆ ಇನ್ನೊಂದು ಕ್ಯಾಲಿಫೋರ್ನಿಯಾಕ್ಕೆ. ಎರಡಕ್ಕೂ ಹೊಲಿಗೆ ದಾರ ಸುತ್ತಿ ಹಣ್ಣಿನ ಹೊಟ್ಟೆಯ ಮೇಲೆ ಸಡಿಲ ಬಿಟ್ಟೆ. “ಇದು ನಿಮ್ಮ ಪಶ್ಚಿಮದ ದಾರಿ, ಕಾಕಾ.” ಮೆಲ್ಲಗೆ ಎಳೆದೆ. ದಾರ ತಾನಾಗಿ ಜಾರಿತು. ಅರಬ್ಬಿ ದೇಶ ಬಿಟ್ಟಿತು, ರಷ್ಯಾ ಹತ್ತಿತು, ಕೊನೆಗೆ ಹಣ್ಣಿನ ತುದಿಯ ಚೂಪಿನ ಪಕ್ಕ ಹೋಗಿ ಬಿಗಿಯಾಗಿ ನಿಂತಿತು. “ಧ್ರುವ!” ಎಂದು ಒದರಿದೆ. ಒಳಗಿನಿಂದ ವೈನಿ ಹಾಲು ಉಕ್ಕಿತೇನೋ ಎಂದು ಓಡಿ ಬಂದರು. ಕಾಕಾ ಚಾಳೀಸು ಏರಿಸಿಕೊಂಡು ತಾವೇ ದಾರ ಸಡಿಲಿಸಿದರು, ಎಳೆದರು, ಮತ್ತೆ ಸಡಿಲಿಸಿದರು. ಪ್ರತಿ ಸಲವೂ ಧ್ರುವ. ಹಣ್ಣನ್ನು ಮೂಸಿ ನೋಡಿ, “ಖರೇ ಐತಿ” ಎಂದರು.

ಅಷ್ಟಕ್ಕೆ ಬಿಡಬೇಕಿತ್ತಲ್ಲ! “ಈಗ ಬೆಂಗಳೂರಿಂದ ಇಂಡಿಗೆ ದಾರ ಹಿಡಿ.”

ಹಿಡಿಯುವುದೆಲ್ಲಿ? ಬೆಂಗಳೂರು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲ ಒಂದೇ ಟಾಚಣಿಯ ತಲೆಯಡಿ. ಅಲ್ಲಿಯೇ ನಮ್ಮ ಗೋಳೆಲ್ಲ ಇರುವುದು. ವಿಜಯಪುರದ ವಿಮಾನ ನಿಲ್ದಾಣ ವರ್ಷಗಳಿಂದ ಕಟ್ಟುತ್ತಲೇ ಇದ್ದಾರೆ. ಕಲಬುರಗಿಯದು 2019ರಲ್ಲೇ ತೆರೆಯಿತು, ನಮ್ಮ ಹೊತ್ತಿಗೆ ವಿಮಾನ ಸಿಗಬೇಕಲ್ಲ. ಸಿಂದಗಿ, ಮುದ್ದೇಬಿಹಾಳಕ್ಕೆ ರೈಲೇ ಇಲ್ಲ. ಬಾಗೇವಾಡಿಗೂ ನಮಗೂ ಇರುವುದು ‘ಬಸವನ ಬಾಗೇವಾಡಿ ರೋಡ್’, ‘ಇಂಡಿ ರೋಡ್’. ಅಲ್ಲಿ ಇಳಿದವರು ಮತ್ತೆ ಊರು ಹುಡುಕಿಕೊಂಡು ಹೋಗಬೇಕು! ಧ್ರುವ ದಾಟಿ ಬಂದವಳು ಪಾಸ್‌ಪೋರ್ಟಿನ ಪಾಳಿ ಮುಗಿಸಿ, ಸಂಜೆಯ ಗೋಲಗುಂಬಜ್ ರೈಲಿಗೆ ಕಾದು, ರಾತ್ರಿಯೆಲ್ಲ ಕುಲುಕಾಡಿ…

“ಎರಡು ದಿನಾ ಅನ್ರಿ, ಕಾಕಾ.”

“ಅಂದ್ರ ನಾ ಹ್ವಾದ್ರ ಅಕಿ ಮಣ್ಣಿಗೆ ಮುಟ್ಟಂಗಿಲ್ಲ.”

ಇದನ್ನು ಕೇಳಲಿಕ್ಕೇ ಇಷ್ಟು ದಾರ ಎಳೆಸಿದ್ದರೇನೋ. ವೈನಿ ಸೆರಗು ಬಾಯಿಗಿಟ್ಟುಕೊಂಡರು. ಖಾತೆ ನನ್ನದಲ್ಲವೇ, ಉತ್ತರ ಕೊಡದೆ ಇರಲಾಗಲಿಲ್ಲ: “ಐಸ್ ಪೆಟ್ಟಿಗ್ಯಾಗ ಇಡತೀವ್ರಿ.”

“ಅದೊಂದು ಬ್ಯಾಡ ತಮ್ಮಾ,” ಎಂದರು ಕಾಕಾ, ಟಾಚಣಿ ಕೀಳುತ್ತ. “ನನಗ ಮದಲಿಂದೂ ಥಂಡಿ ಆಗಿಬರೂದಿಲ್ಲ.”