ಜೆಲ್ಲಿಯ ಪರ ವಕಾಲತ್ತು

ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಪೆಟ್ರೋಲಿಯಂ ಜೆಲ್ಲಿ ಬೇಕು. ಅದೇ ಡಬ್ಬಿ ಕೆನ್ನೆಯ ಹತ್ತಿರ ಬಂದರೆ ಮಾತ್ರ ಮನೆಮಂದಿಯೆಲ್ಲ ಚರ್ಮತಜ್ಞರಾಗಿಬಿಡುತ್ತಾರೆ: ‘ರಂಧ್ರ ಮುಚ್ಚಿಹೋಗುತ್ತೆ, ಮೊಡವೆ ಏಳುತ್ತೆ!’ ಆರೋಪಕ್ಕಿರುವ ಸಾಕ್ಷಿ ಒಂದೇ, ಅದು ಕೈಗೆ ಅಂಟುತ್ತದೆ. ಅಂಟುವುದೇ ಅಪರಾಧವಾದರೆ ಮೊದಲು ಹಲಸಿನ ಹಣ್ಣನ್ನು ಜೈಲಿಗೆ ಹಾಕಬೇಕು. ರಂಧ್ರದ ಒಳಗೋಡೆಯಿಂದ ಉದುರಬೇಕಾದ ಸತ್ತ ಕೋಶಗಳು ಉದುರದೆ, ಚರ್ಮದ ಸ್ವಂತ ಜಿಡ್ಡಿನೊಡನೆ ಸೇರಿ ಬೆಣೆಯಂತೆ ಕೂತಾಗ ಮೊಡವೆಗೆ ನಾಂದಿ. ಆ ಬೆಣೆಯ ಕಪ್ಪು ತಲೆಯೂ ಕೊಳೆಯಲ್ಲ, ಗಾಳಿಗೆ ಸಿಕ್ಕಿ ಕಪ್ಪಾದ ಮೆಲನಿನ್. (ಸೋಪು ಹಾಕಿ ಉಜ್ಜುವವರ ಮೂಗಿಗೆ ನನ್ನ ಸಂತಾಪ.) ಜೆಲ್ಲಿಯಾದರೋ ಚರ್ಮದ ಮೇಲ್ಪದರದಲ್ಲೇ ಠಿಕಾಣಿ ಹೂಡಿ, ಒಳಗಿನ ನೀರು ಆವಿಯಾಗದಂತೆ ಕಾಯುತ್ತದೆ. 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ರಾಬರ್ಟ್ ಚೆಸ್‌ಬ್ರೊ ದಿನಾ ಒಂದು ಚಮಚ ನುಂಗುತ್ತಿದ್ದನಂತೆ, 96 ವರ್ಷ ಬದುಕಿದ. ನನ್ನ ವಕಾಲತ್ತು ಅಷ್ಟು ದೂರ ಹೋಗುವುದಿಲ್ಲ.

ವಾದಕ್ಕೆ ಪುರಾವೆ ಬೇಕಲ್ಲ, ಅದು ಸಿಗುವುದು ಮೊಲದ ಕಿವಿಯಲ್ಲಿ. ಯಾವ ಪದಾರ್ಥ ರಂಧ್ರ ಮುಚ್ಚುತ್ತದೆಂದು ತಿಳಿಯಲು ವಿಜ್ಞಾನಿಗಳು ಅದನ್ನು ಮೊಲದ ಕಿವಿಯೊಳಗೆ ಕೆಲವು ವಾರ ಸವರಿ, ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟರು. ಕೈಗೆ ಹಗುರವಾಗಿ, ಜಿಡ್ಡೇ ಗೊತ್ತಾಗದಂತೆ ಜಾರುವ ಐಸೊಪ್ರೊಪೈಲ್ ಮಿರಿಸ್ಟೇಟ್‌ಗೆ ಅಲ್ಲಿ ಹೆಚ್ಚಿನ ಅಂಕ. ಕೊಬ್ಬರಿ ಎಣ್ಣೆಯೂ ಬಹಳ ಹಿಂದಿಲ್ಲ. ಅಂಟಂಟು ಜೆಲ್ಲಿ ಮಾತ್ರ ಮೊಲದಲ್ಲೂ ಮನುಷ್ಯನಲ್ಲೂ ನಿರ್ದೋಷಿ ಎಂದು 1996ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಪ್ರಕಟಿಸಿದ. ಮೊಲದ ಕಿವಿ ನೋಡಿ ಮನುಷ್ಯರ ಕೆನ್ನೆಗೆ ತೀರ್ಪು ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಲ್ಲವೇ? ಹೌದು, ಆದರೆ ಅರ್ಧ ಮಾತ್ರ. ಮೊಲದ ಕಿವಿ ನಮ್ಮ ಕೆನ್ನೆಗಿಂತ ಬಹಳ ಬೇಗ ಮುನಿಯುತ್ತದೆ. ಹಾಗಾಗಿ ಅದು ದೂರು ಕೊಟ್ಟರೆ ಅನುಮಾನಿಸಬಹುದು, ಅಂಥ ಮುಂಗೋಪಿಯೇ ಸುಮ್ಮನಿದ್ದರೆ ನಂಬಬೇಕು. ದೂರನ್ನು ಅನುಮಾನಿಸಲೂ ಕಾರಣವಿದೆ. ಪಟ್ಟಿಯಲ್ಲಿ ಕೆಟ್ಟ ಹೆಸರು ಪಡೆದ ಪದಾರ್ಥಗಳಿದ್ದ ಕ್ರೀಮುಗಳನ್ನು ಮನುಷ್ಯರಿಗೇ ಹಚ್ಚಿ ನೋಡಿದ 2006ರ ಅಧ್ಯಯನದಲ್ಲಿ ಅವು ರಂಧ್ರ ಮುಚ್ಚಲೇಬೇಕೆಂದೇನೂ ಕಾಣಲಿಲ್ಲ. ಎಷ್ಟು ಬೆರೆಸಿದೆ, ಯಾವುದರ ಜೊತೆ ಬೆರೆಸಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ತಲೆಗೆ ಪೊಮೇಡ್ ಬಳಿದವರ ಹಣೆಯಂಚಿನಲ್ಲಿ ಮೊಡವೆ ಎದ್ದದ್ದು 1970ರಲ್ಲೇ ದಾಖಲಾಗಿದೆಯಲ್ಲ ಎಂದು ಎದುರು ವಕೀಲರು ಎದ್ದು ನಿಲ್ಲಬಹುದು. ನಿಜವೇ. ಆದರೆ ಪೊಮೇಡ್ ಎಂದರೆ ಹತ್ತಾರು ಎಣ್ಣೆ, ಮೇಣಗಳ ಕೂಟ. ಕೂಟದ ಗಲಾಟೆಗೆ ಒಬ್ಬನನ್ನೇ ಹಿಡಿದುಕೊಂಡು ಹೋಗುವಂತಿಲ್ಲ. ಮೇ ತಿಂಗಳ ಮಂಗಳೂರಿನಲ್ಲಿ ಜೆಲ್ಲಿ ಮೆತ್ತಿಕೊಂಡು ಬೀದಿಗಿಳಿದರೆ ಬೆವರೂ ಧೂಳೂ ಸೇರಿ ಮುಖ ಕಿರಿಕಿರಿಯಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ, ಅದಕ್ಕೆ ಬೇರೆಯೇ ಕೇಸು ಹಾಕಿ. ಇನ್ನು ಡಬ್ಬಿಯ ಮೇಲಿನ ‘ನಾನ್ ಕೊಮೆಡೋಜೆನಿಕ್’, ಅಂದರೆ ರಂಧ್ರ ಮುಚ್ಚದ್ದು, ಎಂಬ ಬಿರುದಿಗೆ ಅಮೆರಿಕದ ಎಫ್‌ಡಿಎ ಕೂಡ ವ್ಯಾಖ್ಯೆ ಕೊಟ್ಟಿಲ್ಲ. ಕೊಡುವವರೂ ಪಡೆಯುವವರೂ ಕಂಪನಿಯವರೇ. ಅನುಮಾನವಿದ್ದವರು ದವಡೆಯ ಒಂದು ಬದಿಗೆ ಕೆಲವು ವಾರ ಹಚ್ಚಿ ನೋಡಲಿ. ಈ ಪ್ರಯೋಗಕ್ಕೆ ಒಳಗಾದವರ ಒಪ್ಪಿಗೆಯಾದರೂ ಇರುತ್ತದೆ, ಪಾಪ, ಮೊಲವನ್ನು ಯಾರೂ ಕೇಳಿರಲಿಲ್ಲ.